ಪಕ್ಕದ ಮಿಲ್ಲಿನ ಸದ್ದು

ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲುಗಳು ಮೆರೆಯುತ್ತಿದ್ದ ಕಾಲದಲ್ಲಿ ಊರಿನ ಸಮಾಚಾರ ತಿಳಿಯಲು ಮನೆಯಿಂದ ಆಚೆ ಹೋಗಬೇಕಾಗಿರಲಿಲ್ಲ. ಕೂತಲ್ಲೇ ಕಿವಿ ಕೊಟ್ಟರೆ ಸಾಕು, ಯಾವ ಮಿಲ್ಲು ಓಡುತ್ತಿದೆ, ಯಾವುದು ನಿಂತಿದೆ, ಯಾರ ಬೆಲ್ಟು ಸಡಿಲವಾಗಿದೆ ಎಲ್ಲವೂ ಗೊತ್ತಾಗುತ್ತಿತ್ತು. ನಮ್ಮ ಮಿಲ್ಲಿನದು ಧಡಧಡ ಸದ್ದು, ನಡುನಡುವೆ ಚರ್ಮದ ಬೆಲ್ಟಿನ ಚಪ್ಪಾಳೆ. ರಸ್ತೆಯಾಚೆಗಿದ್ದರೂ ನಾವು ಪಕ್ಕದ ಮಿಲ್ಲು ಎಂದೇ ಕರೆಯುತ್ತಿದ್ದ ಮಿಲ್ಲಿನದು ಕುಂಟು ಸದ್ದು. ಅವರ ಹಲ್ಲುಚಕ್ರವೊಂದರ ಹಲ್ಲು ಮುರಿದಿತ್ತು. ಅದು ಸುತ್ತಿಗೊಮ್ಮೆ ‘ಟಕ್’ ಎಂದು ಎಡವಿ ಮುಂದೆ ಹೋಗುತ್ತಿತ್ತು. ಅದರ ಸಾವ್ಕಾರರು ಅದನ್ನು ಸರಿ ಮಾಡಿಸಲಿಲ್ಲ. ನಾವೂ ಹೇಳಲಿಲ್ಲ. ವ್ಯಾಪಾರದಲ್ಲಿ ಪೈಪೋಟಿ ಇದ್ದವರಿಗೆ ಬುದ್ಧಿ ಹೇಳುವ ಅಭ್ಯಾಸ ನಮ್ಮ ಮನೆಯಲ್ಲಿ ಇರಲಿಲ್ಲ.

ವರ್ಷದ ಯಾವ ಕಾಲದಲ್ಲೂ ಮಿಲ್ಲು ನಿಲ್ಲಿಸುವ ಹಾಗಿರಲಿಲ್ಲ. ಅರೆಯಲು ಶೇಂಗಾ ಇರಲಿ ಬಿಡಲಿ, ಬೆಳಗಾದರೆ ಮೋಟರು ಹಾಕಲೇಬೇಕು, ಸಂಜೆಯವರೆಗೆ ಯಂತ್ರಗಳು ಬರಿದೇ ಸುತ್ತುತ್ತಿರಬೇಕು. ಇದಕ್ಕೆ ಬಜಾರಿನಲ್ಲಿ ‘ಬರಿ ಓಟ’ ಎನ್ನುತ್ತಿದ್ದರು. ತಳಕಿನಿಂದಲೋ ದೊಡ್ಡಉಳ್ಳಾರ್ತಿಯಿಂದಲೋ ಶೇಂಗಾ ಹೇರಿಕೊಂಡು ಬರುವವನು ಬೋರ್ಡು ಓದಿ ಬರುತ್ತಿರಲಿಲ್ಲ, ಸದ್ದು ಕೇಳಿ ಗಾಡಿ ತಿರುಗಿಸುತ್ತಿದ್ದ. ಸದ್ದಿಲ್ಲದ ಮಿಲ್ಲಿಗೆ ಅವನ ಲೆಕ್ಕದಲ್ಲಿ ಎರಡೇ ಅರ್ಥ. ಒಂದೋ ಸಾವ್ಕಾರ ದಿವಾಳಿ ಎದ್ದಿದ್ದಾನೆ, ಇಲ್ಲವೇ ಸತ್ತಿದ್ದಾನೆ. ಸಾವ್ಕಾರ ಸತ್ತ ದಿನ ಮಿಲ್ಲು ನಿಲ್ಲಿಸುವುದು ವಾಡಿಕೆ. ಸದ್ದು ನಿಂತದ್ದು ಕೇಳಿಯೇ ಜನ ಹೂವಿನ ಹಾರ ತರುತ್ತಿದ್ದರು. ಕರೆಂಟು ಹೋದಾಗ ಮಾತ್ರ ಎಲ್ಲ ಮಿಲ್ಲೂ ಒಟ್ಟಿಗೇ ನಿಲ್ಲುತ್ತಿದ್ದರಿಂದ ಅದಕ್ಕೆ ಯಾರೂ ಅರ್ಥ ಹುಡುಕುತ್ತಿರಲಿಲ್ಲ.

ಇಂಥ ಊರಿನಲ್ಲಿ ವಿದ್ಯುತ್ ಉಳಿತಾಯ ಮಾಡಲು ಹೊರಟ ಮೊದಲ ಮಹಾನುಭಾವ ನಾನು. ಪಿಯುಸಿಯಲ್ಲಿ ಭೌತಶಾಸ್ತ್ರವನ್ನು ನಾನು ಪಾಸು ಮಾಡಿದೆ ಎನ್ನುವುದಕ್ಕಿಂತ ಅದು ನನ್ನ ಕಾಟ ತಾಳಲಾರದೆ ಬಿಟ್ಟುಕೊಟ್ಟಿತು ಎನ್ನುವುದು ಸರಿ. ಆದರೂ ಮನೆಯಲ್ಲಿ ವಿಜ್ಞಾನ ಓದಿದವನು ನಾನೊಬ್ಬನೇ ಆದ್ದರಿಂದ ಫ್ಯೂಸು ಹೋದರೂ, ರೇಡಿಯೋ ಕೆಟ್ಟರೂ, ಅವ್ವನ ಮಿಕ್ಸಿ ಹೊಗೆ ಉಗುಳಿದರೂ ನನ್ನನ್ನೇ ಕರೆಯುತ್ತಿದ್ದರು. ನಾನು ಹೋಗಿ ಗಂಭೀರವಾಗಿ ನೋಡಿ ಮೆಕ್ಯಾನಿಕ್ಕನ್ನು ಕರೆಸುತ್ತಿದ್ದೆ. ಅಪ್ಪ ಆಗಷ್ಟೇ ಮಿಲ್ಲಿನ ಬೀಗದ ಕೈಯನ್ನು ನನಗೆ ಒಪ್ಪಿಸಿದ್ದರು. ಅದನ್ನು ಉಡಿದಾರಕ್ಕೆ ಕಟ್ಟಿಕೊಂಡು, ನಡೆದಾಡುವಾಗ ಸದ್ದಾಗುವಂತೆ ನೋಡಿಕೊಂಡು ತಿರುಗುತ್ತಿದ್ದೆ.

ಇದಕ್ಕೆಲ್ಲ ಕಿಡಿ ಹಚ್ಚಿದವರು ಮೊಳಕಾಲ್ಮುರಿನ ನಮ್ಮ ಭಾವ. ಅಕ್ಕನನ್ನು ಕೊಟ್ಟ ಮನೆ ಅದು. ಅವರಿಗೆ ರೇಷ್ಮೆ ನೂಲು ಹುರಿ ಮಾಡುವ ದೊಡ್ಡ ಶೆಡ್ಡಿತ್ತು. ಒಮ್ಮೆ ಹೋದಾಗ ಊಟಕ್ಕೆ ಮೊದಲೇ ಕರೆಂಟ್ ಬಿಲ್ಲನ್ನು ತಂದು, ಹುಟ್ಟಿದ ಮಗುವಿನ ಫೋಟೋ ತೋರಿಸುವ ಹಾಗೆ ನನ್ನ ಮುಂದೆ ಹಿಡಿದರು. ಅದರಲ್ಲಿ ಒಂದು ಸಾಲು: ರಿಯಾಯಿತಿ.

“ಕರೆಂಟ್ನೋರು ನಮ್ಗೆ ದುಡ್ಡು ಬಿಟ್ಟವ್ರೆ ನೋಡೋ. ನಾವು ಅವ್ರಿಗೆ ಕೊಡೋದಲ್ಲ, ಅವ್ರು ನಮ್ಗೆ. ಮೋಟರು ಬದಲಾಯಿಸ್ದೆ, ಕೆಪಾಸಿಟರ್ ಹಾಕಿಸ್ದೆ. ನಿಮ್ಮಂಥ ಎಣ್ಣೆ ಮಿಲ್ನೋರಿಗೆ ಇದೆಲ್ಲ ತಿಳಿಯಾಕಿಲ್ಲ ಬಿಡು,” ಅಂದರು.

ಅಂದು ಉಂಡ ಹೋಳಿಗೆ ನನ್ನ ಮೈಗೆ ಹತ್ತಲಿಲ್ಲ. ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಕಿಟಕಿಯಾಚೆಯ ವಿದ್ಯುತ್ ಕಂಬಗಳನ್ನು ಹಲ್ಲು ಕಚ್ಚಿಕೊಂಡು ನೋಡುತ್ತಿದ್ದೆ.

ಸ್ವಲ್ಪ ದಿನದಲ್ಲೇ ಕರೆಂಟ್ ಆಫೀಸಿನವರು ಊರಿನ ಮಿಲ್ಲಿನವರನ್ನೆಲ್ಲ ಸೇರಿಸಿ ಸಭೆ ಮಾಡಿದರು. ಯುವ ಎಂಜಿನಿಯರ್ ಒಬ್ಬರು ಬಂದು ವಿವರಿಸಿದರು. ಹಳೆಯ ದೊಡ್ಡ ಮೋಟರು ತೆಗೆದು, ಒಂದೊಂದು ಯಂತ್ರಕ್ಕೂ ತಕ್ಕಷ್ಟು ಸಣ್ಣ ಮೋಟರು ಹಾಕಬೇಕು, ಕೆಪಾಸಿಟರ್ ಕೂರಿಸಬೇಕು. ಒಂದು ಸುಗ್ಗಿ ಪೂರ್ತಿ ಮೀಟರ್ ಓಟ ಇಳಿದಿದ್ದನ್ನು ಅವರು ಕಣ್ಣಾರೆ ನೋಡಿ ಒಪ್ಪಿದರೆ, ಖರ್ಚಿನ ಒಂದು ಪಾಲನ್ನು ಬಿಲ್ಲಿನಲ್ಲೇ ಮುರಿದುಕೊಡುತ್ತಾರೆ. ಉಳಿದವರು ಉಪ್ಪಿಟ್ಟು ತಿಂದು ಎದ್ದುಹೋದರು. ನಾನು ಪ್ರತಿ ಮಾತಿಗೂ ತಲೆ ಆಡಿಸುತ್ತಾ ಮುಂದಿನ ಸಾಲಿನಲ್ಲಿ ಕೂತಿದ್ದೆ. ನನಗೆಲ್ಲ ಅರ್ಥವಾಗುತ್ತಿದೆ ಎಂದು ಪಾಪ ಆ ಎಂಜಿನಿಯರ್ ನಂಬಿದರು. ಅವರು ಪವರ್ ಫ್ಯಾಕ್ಟರ್ ಎಂದಾಗಲಂತೂ ನಾನು ಕಣ್ಣು ಮುಚ್ಚಿ, ವಚನ ಕೇಳುವವನ ಹಾಗೆ ತಲೆದೂಗಿದೆ.

ಅಪ್ಪನನ್ನು ಒಪ್ಪಿಸುವುದು ಅಷ್ಟು ಸುಲಭವಿರಲಿಲ್ಲ. ಪವರ್ ಫ್ಯಾಕ್ಟರ್ ಎಂದರೇನು ಎಂದು ಕೇಳಿದರು. ನಾನು ಹಾಲಿನ ಲೋಟ ತಂದು ತೋರಿಸಿದೆ. “ನೋಡಪ್ಪಾ, ಲೋಟ ತುಂಬಿದಂಗೆ ಕಾಣ್ತೈತೆ, ಆದ್ರೆ ಮ್ಯಾಲೆಲ್ಲ ನೊರೆ. ನಮ್ಮ ಮೋಟ್ರು ನೊರೆನೇ ಜಾಸ್ತಿ ಕುಡೀತೈತೆ.”

ಅಪ್ಪ ಲೋಟವನ್ನೇ ಸ್ವಲ್ಪ ಹೊತ್ತು ನೋಡಿದರು. “ಅಲ್ಲಲೇ, ನೊರೆ ಹಾಕಿದ್ರೆ ಹಾಲಿನೋನಿಗೆ ಬಯ್ಬೇಕು. ಮೋಟರ್ನ ಯಾಕೆ ಬಿಚ್ತೀಯ?”

ನಾನು ನೊರೆ ಊದಿ ಪಕ್ಕಕ್ಕೆ ಸರಿಸಿ ಮತ್ತೆ ಮೊದಲಿನಿಂದ ಶುರು ಮಾಡಿದೆ. ಕೊನೆಗೆ ಅವ್ವ ನಡುವೆ ಬಂದು, ಓದಿದ ಹುಡುಗ ಏನೋ ಮಾಡುತ್ತಾನಂತೆ ಮಾಡಲಿ ಬಿಡಿ ಎಂದಳು. ಅಪ್ಪ ಹಾಲು ಕುಡಿದು, ಬಾಯಿ ಒರೆಸಿಕೊಂಡು, ಒಂದೇ ಮಾತು ಹೇಳಿದರು: “ಮಾಡು. ಆದ್ರೆ ಬಜಾರ್ನಾಗೆ ಮಿಲ್ಲಿನ ಹೆಸ್ರು ಕೆಟ್ಟು, ಅಂಗಳಕ್ಕೆ ಶೇಂಗಾ ಬರ್ದೇ ಹೋದ್ರೆ, ಆ ಕೀ ತಂದು ಇಲ್ಲಿಡು.” ಅವರು ತೋರಿಸಿದ್ದು ದೇವರ ಗೂಡಿನ ಪಕ್ಕದ ಮೊಳೆ. ಅಲ್ಲಿಂದ ಮುಂದೆ ಆ ಬರಿ ಮೊಳೆ ನನ್ನ ಕಣ್ಣಿಗೆ ದಿನಾ ಬೀಳುತ್ತಿತ್ತು.

ಹೊಸ ಮೋಟರು ಕೂರಿಸಿದವರು ನಮ್ಮ ಖಾಯಂ ಮೆಕ್ಯಾನಿಕ್ಕು, ಅದೂ ರಾತ್ರಿಗಳಲ್ಲಿ, ಹಗಲು ಹಳೆಯ ಮೋಟರು ಓಡಬೇಕಿತ್ತಲ್ಲ. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ಯಂತ್ರದ ಹತ್ತಿರ ಎರಡೂ ಸೇರಿಸಿ ಬೈಗುಳ. ಕೆಲಸ ಅವರು ಮಾಡುತ್ತಿದ್ದರು, ಸಲಹೆ ನಾನು ಕೊಡುತ್ತಿದ್ದೆ. ಅವರು ನಮಾಜಿಗೆ ಹೋದಾಗ ನಾನೇ ವೈರು ಜೋಡಿಸಿ ಸ್ವಿಚ್ಚು ಹಾಕಿಯೂ ಬಿಟ್ಟೆ. ಎಣ್ಣೆ ಗಾಣ ಉಲ್ಟಾ ತಿರುಗಿ, ಹಾಕಿದ ಶೇಂಗಾವನ್ನೆಲ್ಲ ನನ್ನ ಮುಖಕ್ಕೆ ವಾಪಸು ಎಸೆಯಿತು. ಅವರು ಬಂದು ನೋಡಿ, “ಅರೆ ಸಾವ್ಕಾರ್, ಎಣ್ಣೆ ಬ್ಯಾಡ ಅಂತೈತೆ ಮಿಷಿನ್ನು. ನೀವು ಒಂದ್ ಕೆಲ್ಸ ಮಾಡಿ, ಚಾ ತರ್ಸಿ,” ಅಂದರು. ನಾನು ಚಹಾ ತರಿಸಿದೆ. ಆ ಇಡೀ ಯೋಜನೆಯಲ್ಲಿ ತಪ್ಪಿಲ್ಲದೆ ನಡೆದ ನನ್ನ ಕೆಲಸ ಅದೊಂದೇ.

ಶುಭದಿನ ನೋಡಿ, ಮೋಟರುಗಳಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು ಸ್ವಿಚ್ಚು ಹಾಕಿದೆವು. ಎಲ್ಲ ತಿರುಗಿದವು. ಸದ್ದೇ ಇಲ್ಲ. ಎಲ್ಲ ಯಂತ್ರಗಳನ್ನೂ ತಿರುಗಿಸುತ್ತಿದ್ದ ಉದ್ದನೆಯ ಕಬ್ಬಿಣದ ದಿಂಡಿಲ್ಲ, ಚರ್ಮದ ಬೆಲ್ಟಿಲ್ಲ, ಚಪ್ಪಾಳೆಯಿಲ್ಲ. ಹಿತ್ತಲಲ್ಲಿ ಅವ್ವ ರೊಟ್ಟಿ ತಟ್ಟುವ ಸದ್ದು ಮಿಲ್ಲಿನೊಳಗೆ ಕೇಳುತ್ತಿತ್ತು. ನಾನು ಸಂತೋಷದಿಂದ ಉಬ್ಬಿಹೋದೆ. ಅಪ್ಪ ಮಾತ್ರ ಬಾಗಿಲಲ್ಲಿ ನಿಂತು, “ಹಾಕಿದ್ಯೇನ್ಲೇ?” ಎಂದು ಕೇಳಿದರು.

ಮಧ್ಯಾಹ್ನದ ಹೊತ್ತಿಗೆ ಮೊದಲನೆಯವರು ಬಂದರು. ತಳಕಿನ ಅಂಗಡಿಯವರು, ಅಪ್ಪನ ಹಳೆಯ ಸ್ನೇಹಿತರು, ಹೆಗಲ ಮೇಲೆ ಬಿಳಿ ಟವೆಲ್ಲು, ಕೈಯಲ್ಲಿ ಎಲೆ ಸುತ್ತಿದ ಹಾರ. ಗೇಟಿನ ಹೊರಗೇ ಚಪ್ಪಲಿ ಬಿಟ್ಟು, ತಲೆ ಬಗ್ಗಿಸಿಕೊಂಡು ಒಳಗೆ ಬಂದವರಿಗೆ ಎದುರು ಸಿಕ್ಕವರು ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕುತ್ತಿದ್ದ ಅಪ್ಪ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಬಂದವರು ತೊದಲಿದರು. “ಅಲ್ರೀ… ಮಿಲ್ಲು ನಿಂತೈತೆ ಅಂದ್ರು. ಬಸ್ಟ್ಯಾಂಡ್ನಾಗೇ ಎಲ್ರೂ ಅಂತಿದ್ರು…”

“ನಾನೇನ್ ಮಾಡ್ಲಿ, ಹೋಗ್ಬೇಕಿತ್ತೇನೋ. ಮಗ ಮೋಟ್ರು ಬದಲಾಯ್ಸಿದಾನೆ,” ಅಂದರು ಅಪ್ಪ. ಆಮೇಲೆ ಕೈ ಚಾಚಿ ಹಾರ ತೆಗೆದುಕೊಂಡು ನನ್ನ ಕೈಗಿತ್ತು, “ತಂದಿದ್ದು ಯಾಕೆ ದಂಡ ಮಾಡ್ಬೇಕು? ನಿನ್ನ ಕೆಪಾಸಿಟರ್‌ಗೆ ಹಾಕು,” ಅಂದರು. ನಾನು ಹಾಕಿದೆ. ಸಂಜೆಯೊಳಗೆ ಇನ್ನಷ್ಟು ಹಾರಗಳು ಬಂದವು. ಬಂದವರಿಗೆಲ್ಲ ಅವ್ವ ಮಂಡಕ್ಕಿ ಕೊಟ್ಟು ಕಳಿಸಿದಳು. ಅಂದು ನಮ್ಮ ಕೆಪಾಸಿಟರ್ ಮದುಮಗನಾಗಿ ಕೂತಿತ್ತು.

ಈ ತಮಾಷೆ ಸುಗ್ಗಿ ಶುರುವಾಗುವವರೆಗೆ ಮಾತ್ರ. ಶೇಂಗಾ ಬರತೊಡಗಿದ ಮೇಲೆ ನಗು ನಿಂತಿತು. ಗಾಡಿಗಳು ನಮ್ಮ ಗೇಟಿನ ಮುಂದೆ ಒಂದು ಕ್ಷಣ ನಿಧಾನವಾಗುತ್ತಿದ್ದವು. ಗಾಡಿಯವನು ಕತ್ತು ಚಾಚಿ ಕಿವಿ ಕೊಡುತ್ತಿದ್ದ. ಆಚೆಯಿಂದ ಕುಂಟು ಸದ್ದು ‘ಟಕ್, ಟಕ್’ ಎಂದು ಕರೆಯುತ್ತಿತ್ತು. ಗಾಡಿ ಆ ಕಡೆಗೆ ಹೋಗುತ್ತಿತ್ತು. ನಾನು ಗೇಟಿಗೆ ಓಡಿ, “ಮಿಲ್ಲು ಓಡ್ತೈತೆ ಬರ್ರೀ,” ಎಂದು ಕೂಗಿದರೆ ಇನ್ನೂ ಬೇಗ ಹೋಗುತ್ತಿದ್ದರು. ಓಡುವ ಮಿಲ್ಲಿನವನು ಗೇಟಿನಲ್ಲಿ ನಿಂತು ಏಕೆ ಕೂಗುತ್ತಾನೆ?

ಒಂದು ದಿನ ದೇವಸಮುದ್ರದ ಹಿರಿಯರೊಬ್ಬರ ಗಾಡಿ ಬಂತು. ಕುರಿ, ಶೇಂಗಾ, ತೆಲುಗು ಮೂರೂ ಅವರ ಆಸ್ತಿ. ಅಪ್ಪ ಮಿಲ್ಲು ಹಾಕಿದ ವರ್ಷದಿಂದ ಅವರ ಶೇಂಗಾ ನಮ್ಮ ಅಂಗಳ ಬಿಟ್ಟು ಬೇರೆಡೆ ಹೋದದ್ದಿಲ್ಲ. ಮೊಳಕಾಲ್ಮುರು, ರಾಂಪುರದ ಕಡೆ ಹತ್ತಿರದಲ್ಲಿ ಕೊಳ್ಳುವವರಿದ್ದರೂ ಅಷ್ಟು ದೂರ ಬರುತ್ತಿದ್ದುದು ಅಪ್ಪನ ಮುಖ ನೋಡಿ. ಅಪ್ಪ ಎದ್ದು ನಿಂತು ಶಲ್ಯ ಸರಿ ಮಾಡಿಕೊಂಡರು. ಗಾಡಿ ನಮ್ಮ ಗೇಟಿನ ಮುಂದೆ ನಿಂತಿತು. ಹಿರಿಯರು ನಮ್ಮ ತಗಡಿನ ಸೂರನ್ನು ಸ್ವಲ್ಪ ಹೊತ್ತು ನೋಡಿದರು, ಒಳಗೆ ನಿಂತ ಅಪ್ಪ ಅವರ ಕಣ್ಣಿಗೆ ಬೀಳಲಿಲ್ಲ. ಎರಡೂ ಕೈ ಎತ್ತಿ ಮಿಲ್ಲಿಗೊಂದು ನಮಸ್ಕಾರ ಹಾಕಿದರು. ಆಮೇಲೆ ಎತ್ತುಗಳನ್ನು ರಸ್ತೆಯಾಚೆಗೆ ತಿರುಗಿಸಿದರು.

ಅಪ್ಪ ನನಗೆ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದರು. ಅಂದು ನನಗೆ ನಿಜವಾಗಿ ಅಳು ಬಂತು. ಉಡಿದಾರದಲ್ಲಿದ್ದ ಕೀ ಸದ್ದು ಮಾಡದಂತೆ ಕೈಯಲ್ಲಿ ಹಿಡಿದುಕೊಂಡು ಓಡಾಡಿದೆ.

ಹಳೆಯ ದೊಡ್ಡ ಮೋಟರು ಇನ್ನೂ ಹಿತ್ತಲಲ್ಲೇ ಬಿದ್ದಿತ್ತು. ಅದನ್ನೇ ಮತ್ತೆ ಕೂರಿಸಿ ಬರಿ ಓಟ ಓಡಿಸಿದರೆ ಗಾಡಿಗಳು ಬರುತ್ತವೆ, ಆದರೆ ಮೀಟರು ಏರಿ ರಿಯಾಯಿತಿ ಹೋಗುತ್ತದೆ. ಮೊಳಕಾಲ್ಮುರಿನ ಭಾವನ ಮುಖ ಕಣ್ಣ ಮುಂದೆ ಬಂತು. ಬೇರೆ ಯಾರಾದರೂ ಆಗಿದ್ದರೆ ಬುದ್ಧಿ ಕಲಿತು ಒಂದನ್ನು ಬಿಡುತ್ತಿದ್ದರು. ನನಗೆ ಶೇಂಗಾವೂ ಬೇಕಿತ್ತು, ರಿಯಾಯಿತಿಯೂ ಬೇಕಿತ್ತು. ಆಗಲೇ ಆ ದರಿದ್ರ ಯೋಚನೆ ಹೊಳೆದದ್ದು. ರೈತನಿಗೆ ಬೇಕಾದ್ದು ಸದ್ದು ತಾನೇ? ಸದ್ದು ಮಾಡಲು ಮೋಟರೇ ಏಕೆ ಬೇಕು?

ಮೆಕ್ಯಾನಿಕ್ಕಿನ ಟೇಪ್ ರೆಕಾರ್ಡರ್ ತಂದೆ. ನಮ್ಮ ಹಳೆಯ ಸದ್ದು ಆಗಲೇ ಬಿಚ್ಚಿಹೋಗಿತ್ತು, ಆದ್ದರಿಂದ ಪಕ್ಕದ ಮಿಲ್ಲಿನ ಗೋಡೆಯ ಪಕ್ಕ, ಎಕ್ಕದ ಗಿಡದ ಮರೆಯಲ್ಲಿ ಕೂತು ಅವರ ಸದ್ದನ್ನು ಒಂದು ಕ್ಯಾಸೆಟ್ಟಿನ ಎರಡೂ ಕಡೆ ತುಂಬಿಕೊಂಡು ಬಂದೆ. ಮದುವೆಗಳಿಗೆ ಮೈಕು ಬಾಡಿಗೆ ಕೊಡುವವರಿಂದ ಹಾರ್ನು, ಆಂಪ್ಲಿಫೈಯರು ತರಿಸಿ, ಮಿಲ್ಲಿನೊಳಗೆ ಅಟ್ಟದ ಮೇಲೆ ಗೋಣಿಚೀಲ ಮುಚ್ಚಿ ಇಟ್ಟೆ. ಆ ಆಂಪ್ಲಿಫೈಯರನ್ನು ಮಿಲ್ಲಿನ ಕರೆಂಟಿಗೆ ಕೊಡಲು ನನ್ನ ಆತ್ಮಸಾಕ್ಷಿ ಒಪ್ಪಲಿಲ್ಲ. ಮೀಟರು ಒಂದಿಷ್ಟಾದರೂ ತಿರುಗಿಬಿಟ್ಟರೆ! ಲಾರಿಯ ಬ್ಯಾಟರಿ ತಂದು ಅದಕ್ಕೆ ಜೋಡಿಸಿದೆ. ವಿದ್ಯುತ್ ಉಳಿತಾಯದಲ್ಲಿ ನಾನು ಅಷ್ಟು ಮುಂದೆ ಹೋಗಿದ್ದೆ.

ಮೊದಲ ಸಲ ಹಾಕಿದಾಗ ಅಪ್ಪ ಹಾಸಿಗೆಯಿಂದ ಎದ್ದು ಬಂದರು. ಸ್ವಲ್ಪ ಕಿವಿಗೊಟ್ಟು ಕೇಳಿ ಮುಖ ಕಿವುಚಿದರು.

“ಇದು ನಮ್ದಲ್ಲ. ಕುಂಟ್ತೈತೆ.”

“ರೈತರಿಗೇನ್ ಗೊತ್ತಾಗ್ತೈತಪ್ಪಾ?”

“ನಂಗೆ ಗೊತ್ತಾಗ್ತೈತಲ್ಲಲೇ,” ಅಂದರು. ಆದರೆ ಆರಿಸು ಅನ್ನಲಿಲ್ಲ. ಗಾಡಿಯೊಂದು ಗೇಟಿನೊಳಗೆ ತಿರುಗಿತ್ತು.

ಕೆಲವು ದಿನ ನನ್ನದೇ ರಾಜ್ಯ. ಗಾಡಿಗಳು ಬಂದವು, ಮೀಟರು ಇಳಿದಿತ್ತು, ಕೀ ಮತ್ತೆ ಸದ್ದು ಮಾಡತೊಡಗಿತು. ಒಳಗೆ ಯಂತ್ರಗಳು ಸದ್ದಿಲ್ಲದೆ ಎಣ್ಣೆ ತೆಗೆಯುತ್ತಿದ್ದವು, ಮೇಲೆ ಕ್ಯಾಸೆಟ್ಟು ಎಣ್ಣೆಯಿಲ್ಲದೆ ಸದ್ದು ತೆಗೆಯುತ್ತಿತ್ತು. ಕ್ಯಾಸೆಟ್ಟು ಮುಗಿದಾಗಲೆಲ್ಲ ಹತ್ತಿ ಮಗ್ಗುಲು ಬದಲಾಯಿಸಲು ನಾನೇ ಹೋಗಬೇಕಾಗಿತ್ತು. ಮಿಲ್ಲಿನ ಮಾಲೀಕನಾದವನು ದಿನವಿಡೀ ಅಟ್ಟಕ್ಕೆ ಏಣಿ ಹತ್ತಿ ಇಳಿಯುತ್ತಿದ್ದುದನ್ನು ಕೂಲಿಯವರು ನೋಡಿ ತಮ್ಮತಮ್ಮಲ್ಲೇ ನಗುತ್ತಿದ್ದರು.

ಎಂಜಿನಿಯರ್ ಪರೀಕ್ಷೆಗೆ ಬಂದರು. ಸುಗ್ಗಿಯ ನಡುವಿನ ಮಟಮಟ ಮಧ್ಯಾಹ್ನ. ನಾನು ಆ ಕ್ಯಾಸೆಟ್ಟನ್ನು ಆರಿಸಬೇಕಿತ್ತು, ಆದರೆ ಗೇಟಿನಲ್ಲಿ ಗಾಡಿಗಳಿದ್ದವು. ಇದೇನು ಇಷ್ಟು ಸದ್ದು ಎಂದು ಅವರು ಕೇಳಿದಾಗ, ಪಕ್ಕದ ಮಿಲ್ಲಿನದು ಸಾರ್ ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅವರು ಮೋಟರುಗಳನ್ನು ಮುಟ್ಟಿ ನೋಡಿದರು, ಮೀಟರ್ ಹತ್ತಿರ ನಿಂತು ಬಹಳ ಚೆನ್ನಾಗಿದೆ ಎಂದರು. ಹಾರ ಒಣಗಿ ನೇತಾಡುತ್ತಿದ್ದ ಕೆಪಾಸಿಟರನ್ನು ನೋಡಿ, ಇಷ್ಟು ಭಕ್ತಿಯಿಂದ ನೋಡಿಕೊಳ್ಳುವವರನ್ನು ಎಲ್ಲೂ ಕಂಡಿಲ್ಲ ಎಂದು ಹೊಗಳಿದರು. ನಾನು ವಿನಯದಿಂದ ತಲೆ ತಗ್ಗಿಸಿದೆ.

ಅಷ್ಟರಲ್ಲಿ ಕರೆಂಟು ಹೋಯಿತು.

ನಮ್ಮ ಮೋಟರುಗಳು ನಿಂತವು. ರಸ್ತೆಯಾಚೆಯ ಮಿಲ್ಲು ನಿಂತಿತು. ಅದರಾಚೆಯದು, ರೈಲ್ವೆ ಸ್ಟೇಷನ್ನಿನ ಕಡೆಯವು, ಊರಿನ ಮಿಲ್ಲುಗಳೆಲ್ಲ ನಿಂತವು. ಇಡೀ ಚಳ್ಳಕೆರೆ ಉಸಿರು ಬಿಗಿಹಿಡಿದು ಕೂತಂತಾಯಿತು. ಆ ಮೌನದ ನಡುವೆ ನಮ್ಮ ಅಟ್ಟದಿಂದ ಒಂದೇ ಒಂದು ಮಿಲ್ಲು, ಭೂಮಿ ನಡುಗುವ ಹಾಗೆ, ಕುಂಟುತ್ತಾ ಓಡುತ್ತಿತ್ತು.

ಎಂಜಿನಿಯರರ ಮುಖದ ನಗು ಹೋಯಿತು. “ಎಲ್ಲಿಂದ ಬರ್ತಿದೆ ನಿಮಗೆ ಕರೆಂಟು? ಬೇರೆ ಲೈನ್ ಎಳ್ಕೊಂಡಿದ್ದೀರಾ?”

ನಾನು ಅಟ್ಟಕ್ಕೆ ಓಡಲು ಹೋಗಿ ಏಣಿಯ ಮೆಟ್ಟಿಲು ತಪ್ಪಿ ಹಿಂಡಿ ಚೀಲದ ಮೇಲೆ ಬಿದ್ದೆ. ಗೇಟಿನಲ್ಲಿ ಆಗಲೇ ಜನ ಸೇರಿತ್ತು. ಕರೆಂಟಿಲ್ಲದೆ ಓಡುವ ಮಿಲ್ಲನ್ನು ನೋಡಲು ಬಜಾರಿಗೆ ಬಜಾರೇ ಬರುತ್ತಿತ್ತು. ಎಲ್ಲರಿಗಿಂತ ಮುಂದೆ ಪಕ್ಕದ ಮಿಲ್ಲಿನ ಸಾವ್ಕಾರರು. ಒಳಗೆ ಬಂದು ಸೊಂಟದ ಮೇಲೆ ಕೈಯಿಟ್ಟು ಕೇಳಿದರು, ತಮ್ಮ ನಿಂತ ಮಿಲ್ಲಿನ ಕಡೆ ಒಮ್ಮೆ ತಿರುಗಿದರು, ಮತ್ತೆ ಕೇಳಿದರು.

“ಇದು ನನ್ ಮಿಲ್ಲು ಕಣ್ರೀ! ನಂದೇ! ಇಲ್ಲಿಗೆ ಹೆಂಗ್ ಬಂತು?”

ಜನರ ಜೊತೆ ಬಂದಿದ್ದ ಮೆಕ್ಯಾನಿಕ್ಕು ಏಣಿ ಹತ್ತಿ ಗೋಣಿಚೀಲ ಎಳೆದರು. ಹಾರ್ನೂ ಲಾರಿ ಬ್ಯಾಟರಿಯೂ ಕಂಡವು. ಮೊದಲು ನಕ್ಕವರು ಎಂಜಿನಿಯರು. ನಕ್ಕು ನಕ್ಕು ಚೀಲದ ಮೇಲೆ, ನನ್ನ ಪಕ್ಕದಲ್ಲೇ, ಕೂತುಬಿಟ್ಟರು. ಕಣ್ಣೊರೆಸಿಕೊಂಡು, “ಇದನ್ನೂ ಬ್ಯಾಟರೀಲೇ ಓಡಿಸ್ತಿದ್ದೀರಲ್ಲಾ, ರಿಯಾಯಿತಿ ನಿಮಗಲ್ಲದೆ ಇನ್ಯಾರಿಗೆ ಕೊಡೋಣ?” ಎಂದರು. ಪಕ್ಕದ ಸಾವ್ಕಾರರು ಮಾತ್ರ ನಗದೆ, “ಅದೆಲ್ಲ ಇರ್ಲಿ, ನನ್ ಸದ್ದಿಗೆ ಬಾಡಿಗೆ ಯಾರು ಕೊಡೋರು?” ಎಂದರು. ಆಮೇಲೆ ಅವರೂ ನಕ್ಕರು.

ನಾನು ಆ ದಿನವೇ ಕೀ ಬಿಚ್ಚಿ ಅಪ್ಪನ ಮುಂದಿಟ್ಟೆ. ಇಷ್ಟು ನಗೆಪಾಟಲಾದ ಮೇಲೆ ಮಿಲ್ಲಿಗೆ ಇನ್ನೆಲ್ಲಿಯ ಹೆಸರು? ಅಪ್ಪ ಅದನ್ನು ಮುಟ್ಟಲಿಲ್ಲ. ಅವರಿಗೆ ಪುರುಸೊತ್ತೇ ಇರಲಿಲ್ಲ. ನಗಲು ಬಂದವರು ಒಳಗೆ ಬರುತ್ತಿದ್ದರು, ಒಳಗೆ ಬಂದವರನ್ನು ಅಪ್ಪ ಕೈ ಹಿಡಿದು ಮೋಟರಿನ ಹತ್ತಿರ ಕರೆದೊಯ್ಯುತ್ತಿದ್ದರು. ಕಿವಿ ಬೇಡ, ಕೈ ಇಡಿ ಎನ್ನುತ್ತಿದ್ದರು. ಹೀಗೆ ಕೈಯಿಡುವುದೇ ಹೊಸ ವಾಡಿಕೆಯಾಯಿತು. ತಳಕಿನವರು ಕೈಯಿಟ್ಟು ಹೋದರು, ದೊಡ್ಡಉಳ್ಳಾರ್ತಿಯವರು ಕೈಯಿಟ್ಟು ಹೋದರು.

ಸುಗ್ಗಿಯ ಕೊನೆಗೆ ದೇವಸಮುದ್ರದ ಹಿರಿಯರು ಉಳಿದ ಶೇಂಗಾ ಹೇರಿಕೊಂಡು ಬಂದರು. ಅಪ್ಪ ಅವರ ಕೈಯನ್ನು ಹಿಡಿದು ಮೋಟರಿನ ಬೆನ್ನ ಮೇಲಿಟ್ಟರು. ಮುದುಕರು ಕಣ್ಣು ಮುಚ್ಚಿದರು. ಕುರಿಮರಿಯ ಎದೆ ಮುಟ್ಟಿ ನೋಡುವ ಹಾಗೆ ಸ್ವಲ್ಪ ಹೊತ್ತು ಹಿಡಿದಿದ್ದು, “ಬತಿಕೇ ಉಂದಿ!” ಅಂದರು.

“ಹೂಂನ್ರಿ, ಬದುಕೇ ಐತೆ. ನಾನೂ ಬದುಕಿದೀನಿ,” ಅಂದರು ಅಪ್ಪ.

ಕೀ ನನ್ನ ಬಳಿಯೇ ಉಳಿಯಿತು. ಬಿಲ್ಲಿನಲ್ಲಿ ರಿಯಾಯಿತಿಯ ಸಾಲು ಬಂದ ದಿನ ಅದನ್ನು ಭಾವನಿಗೆ ತೋರಿಸಲೆಂದೇ ಮೊಳಕಾಲ್ಮುರಿನ ಬಸ್ಸು ಹತ್ತಿದೆ. ಬಸ್ ನಿಲ್ದಾಣದಲ್ಲಿ ಇಳಿಯುತ್ತಿದ್ದಂತೆ ಪಾನ್ ಅಂಗಡಿಯವನು, “ಕ್ಯಾಸೆಟ್ ಮಿಲ್ಲಿನೋರಲ್ವಾ?” ಎಂದು ಕೇಳಿದ. ನಾನು ಬಿಲ್ಲನ್ನು ಜೇಬಿನಿಂದ ತೆಗೆಯಲೇ ಇಲ್ಲ. ಅಂದೂ ಹೋಳಿಗೆಯೇ ಇತ್ತು. ಅಂದೂ ಮೈಗೆ ಹತ್ತಲಿಲ್ಲ.

ಆಮೇಲೆ ಕಾಲ ಬದಲಾಯಿತು. ಹೊರದೇಶದ ತಾಳೆ ಎಣ್ಣೆ ಅಗ್ಗಕ್ಕೆ ಬಂದು, ಊರಿನ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಪಕ್ಕದ ಕುಂಟು ಮಿಲ್ಲು ನಿಂತ ದಿನ ಊರಿಗೆಲ್ಲ ಗೊತ್ತಾಯಿತು. ಸದ್ದು ನಿಂತ ಕೂಡಲೇ ಜನ ಬಂದರು, ಸಾವ್ಕಾರರ ಪಕ್ಕ ಕೂತರು, ಅಪ್ಪನೂ ಹೋಗಿ ಸಂಜೆಯವರೆಗೆ ಕೂತು ಬಂದರು. ನಮ್ಮದು ಕರೆಂಟ್ ಬಿಲ್ಲು ಕಡಿಮೆ ಇದ್ದುದರಿಂದ ಇನ್ನೂ ಸ್ವಲ್ಪ ಕಾಲ ಏದುಸಿರು ಬಿಟ್ಟಿತು. ಆಮೇಲೆ ಅದೂ ಆಗಲಿಲ್ಲ. ಒಂದು ಬೆಳಿಗ್ಗೆ ಅಪ್ಪನೇ ಬಂದು, ಮೋಟರುಗಳಿಗೆ ವಿಭೂತಿ ಹಚ್ಚಿ, ಸ್ವಿಚ್ಚು ಇಳಿಸಿದರು.

ಅಂದು ಅಪ್ಪ ಒಗೆದ ಪಂಚೆ ಉಟ್ಟು ಜಗಲಿಯಲ್ಲಿ ಕೂತರು. ಅವ್ವ ಒಂದು ದೊಡ್ಡ ಪಾತ್ರೆಯಲ್ಲಿ ಮಂಡಕ್ಕಿ ಕಲಸಿಟ್ಟಳು. ಮಧ್ಯಾಹ್ನವಾಯಿತು. ರಸ್ತೆಯಲ್ಲಿ ಜನ ಓಡಾಡಿದರು, ಕೆಲವರು ಕೈಯೆತ್ತಿ ನಮಸ್ಕಾರ ಹೇಳಿ ಮುಂದೆ ಹೋದರು. ಯಾರೂ ಒಳಗೆ ಬರಲಿಲ್ಲ. ನಮ್ಮ ಮಿಲ್ಲು ನಿಂತದ್ದು ಯಾರಿಗೂ ಕೇಳಿಸಿರಲಿಲ್ಲ. ಅದು ಎಂದೋ ಸದ್ದು ಬಿಟ್ಟಿತ್ತು, ಬಿಡಿಸಿದವನು ನಾನು. ಅಪ್ಪ ಎದ್ದು ಗೇಟಿನವರೆಗೂ ಹೋಗಿ, ಅತ್ತ ಇತ್ತ ನೋಡಿ, ಮತ್ತೆ ಬಂದು ಕೂತರು.

“ಆ ಕ್ಯಾಸೆಟ್ಟು ಐತೇನ್ಲೇ?” ಎಂದು ಕೇಳಿದರು.

“ಅದು ನಮ್ದಲ್ಲಪ್ಪಾ.”

“ನಮ್ದಲ್ದಿದ್ರೂ ಆತು. ಹಾಕು.”

ಅಟ್ಟದ ಧೂಳಿನಲ್ಲಿ ಹುಡುಕಿ ತೆಗೆದೆ. ಮೆಕ್ಯಾನಿಕ್ಕಿನ ಅಂಗಡಿಯಲ್ಲಿ ಆ ಹಳೆಯ ಟೇಪ್ ರೆಕಾರ್ಡರ್ ಇನ್ನೂ ಇತ್ತು. ಅವರೇ ಹೊತ್ತು ತಂದು, ಸೆಲ್ಲು ಹಾಕಿ, ಜಗಲಿಯ ಮೇಲಿಟ್ಟು, ಪಕ್ಕದಲ್ಲಿ ಕೂತರು. ಮೊದಲು ಬರಿ ಗೊರಗೊರ ಅಂದಿತು. ಆಮೇಲೆ ಮಿಲ್ಲು ಓಡತೊಡಗಿತು. ಟಕ್. ಟಕ್.

ರಸ್ತೆಯಾಚೆಯ ಬಾಗಿಲು ತೆರೆಯಿತು. ಪಕ್ಕದ ಸಾವ್ಕಾರರು ಹೊರಗೆ ಬಂದು ನಿಂತರು. ವಯಸ್ಸಾಗಿತ್ತು, ಕೋಲು ಹಿಡಿದಿದ್ದರು. ತಮ್ಮ ಬೀಗ ಹಾಕಿದ ಮಿಲ್ಲಿನ ಕಡೆ ಒಮ್ಮೆ ನೋಡಿ, ನಿಧಾನವಾಗಿ ರಸ್ತೆ ದಾಟಿ, ಚಪ್ಪಲಿ ಬಿಟ್ಟು ಬಂದು ಅಪ್ಪನ ಪಕ್ಕ ಕೂತರು. ಅವ್ವ ಇಬ್ಬರ ಮುಂದೂ ಮಂಡಕ್ಕಿ ತಂದಿಟ್ಟಳು. ಬಹಳ ಹೊತ್ತು ಇಬ್ಬರೂ ಕೇಳುತ್ತಾ ಕೂತಿದ್ದರು.

“ಆ ಹಲ್ಲು ಕೊನೀವರೆಗೂ ರಿಪೇರಿ ಮಾಡ್ಸಲೇ ಇಲ್ಲ ನೋಡ್ರಿ ನಾನು,” ಅಂದರು ಅವರು.

“ಮಾಡಿಸ್ದೆ ಇದ್ದಿದ್ದೇ ಒಳ್ಳೇದಾಯ್ತು ಬಿಡ್ರಿ. ಮಾಡ್ಸಿದ್ರೆ ನಿಮ್ದು ಅಂತ ಹೆಂಗ್ ಗೊತ್ತಾಗ್ತಿತ್ತು?” ಅಂದರು ಅಪ್ಪ.

ಕ್ಯಾಸೆಟ್ಟು ಮುಗಿದು ಟೇಪು ತಾನೇ ನಿಂತಿತು. ಇಬ್ಬರೂ ನನ್ನ ಕಡೆ ನೋಡಿದರು. ನಾನು ಎದ್ದು ಹೋಗಿ ಮಗ್ಗುಲು ಬದಲಾಯಿಸಿ ಹಾಕಿದೆ.